ಬೆಟ್ಟಕ್ಕೆ ಹೋಗುವವನ ಕತ್ತಿ



ಬಿಡುವಿನ ದಿನಗಳಲ್ಲಿ ಬೆಟ್ಟಗುಡ್ಡಗಳನ್ನು ಹತ್ತಿ, ಬಂಡೆಯ ಮರೆಯಲ್ಲಿ ಒಂದು ರಾತ್ರಿಯನ್ನು ಕಳೆದು ಬರುವ ಹವ್ಯಾಸವು ನಮ್ಮ ನಗರವಾಸಿಗಳಲ್ಲಿ ಈಚೆಗೆ ಬಹಳವಾಗಿ ಹಬ್ಬಿದೆ. ಶನಿವಾರದ ಸಂಜೆ ಬೆಂಗಳೂರನ್ನು ಬಿಟ್ಟವರು ಭಾನುವಾರದ ಸೂರ್ಯೋದಯವನ್ನು ಕೋಲಾರದ ಅಂತರಗಂಗೆಯ ಬೆಟ್ಟದ ಮೇಲೋ, ಮುಳಬಾಗಿಲು ತಾಲ್ಲೂಕಿನ ಆವಣಿಯ ಬಂಡೆಗಳ ಮೇಲೋ ನೋಡುತ್ತಾರೆ. ಹೀಗೆ ಹೊರಡುವವರ ಬೆನ್ನುಚೀಲದಲ್ಲಿ ನೀರು, ಬುತ್ತಿ, ಕಂಬಳಿಗಳ ಜತೆಗೆ ಒಂದು ಕತ್ತಿಯೂ ಇರಬೇಕೆಂಬುದು ಸರಿಯಾದ ಮಾತೇ. ಆ ಕತ್ತಿ ಎಂಥದಾಗಿರಬೇಕು, ಅದನ್ನು ಎಲ್ಲಿ ಮಾಡಿಸಬೇಕು, ಮಾಡಿಸಿದ ಮೇಲೆ ನಮ್ಮ ಕೈಗೂ ಕೆಲಸಕ್ಕೂ ಅದನ್ನು ಹೊಂದಿಸಿಕೊಳ್ಳುವುದು ಹೇಗೆ ಎಂಬುದೇ ಈ ಹೊತ್ತಿನ ನಮ್ಮ ಪ್ರಸ್ತಾಪ.

ಪೇಟೆಯ ಅಂಗಡಿಗಳಲ್ಲಿ ಇದಕ್ಕೆಂದೇ ಮಾರುವ ಒಂದು ಬಗೆಯ ಕತ್ತಿಯುಂಟು. ಅದರ ಅಲಗಿಗೆ ಕರಿಯ ಬಣ್ಣ, ಬೆನ್ನಿಗೆ ಗರಗಸದ ಹಲ್ಲು, ಹಿಡಿಯು ಟೊಳ್ಳು. ಹಿಡಿಯ ತುದಿಯ ಮುಚ್ಚಳವನ್ನು ತಿರುಗಿಸಿ ತೆಗೆದರೆ ಒಳಗೆ ನಾಲ್ಕು ಬೆಂಕಿಕಡ್ಡಿ, ಒಂದು ಸೂಜಿ, ಒಂದು ಮೀನುಗಾಳ; ಮುಚ್ಚಳದಲ್ಲಿಯೇ ಒಂದು ದಿಕ್ಸೂಚಿ. ನೋಡುವುದಕ್ಕೆ ಶೌರ್ಯವೇ ಮೂರ್ತಿವೆತ್ತಂತೆ ಇರುತ್ತದೆ. ಆ ಗಾಳವನ್ನು ಇಳಿಯಬಿಡುವುದಕ್ಕೆ ಕೋಲಾರದ ಸೀಮೆಯ ಕೆರೆಗಳಲ್ಲಿ ವರುಷದ ಎಷ್ಟು ತಿಂಗಳು ನೀರಿರುತ್ತದೆಂಬುದನ್ನು ಅದನ್ನು ಮಾಡಿದವರು ವಿಚಾರಿಸಿದಂತೆ ಕಾಣುವುದಿಲ್ಲ. ಹಾಸ್ಯವು ಹಾಗಿರಲಿ. ಟೊಳ್ಳು ಹಿಡಿಯೊಳಕ್ಕೆ ಅಲಗು ಹೋಗಿರುವುದು ಅಂಗುಲದಷ್ಟೇ ಆದುದರಿಂದ, ಗಟ್ಟಿಯಾದ ಕೊಂಬೆಗೆ ಹತ್ತು ಪೆಟ್ಟು ಬೀಳುವುದರೊಳಗಾಗಿ ಅದು ಅಲ್ಲಾಡಲು ತೊಡಗುತ್ತದೆ. ಹದಿನೊಂದನೆಯ ಪೆಟ್ಟಿಗೆ ಅಲಗು ಕಳಚಿ ಎಲ್ಲಿಗೆ ಹಾರುವುದೆಂದು ಹೇಳಬಲ್ಲವರಿಲ್ಲ. ಬೆನ್ನಿನ ಗರಗಸವು ಮರವನ್ನು ಕೊಯ್ಯುವುದಿಲ್ಲ. ಗರಗಸಕ್ಕೆ ಬೇಕಾದ ತೆಳುವೂ, ಹಲ್ಲುಗಳು ಎಡಕ್ಕೂ ಬಲಕ್ಕೂ ಬಾಗಿರುವ ಕ್ರಮವೂ ಅದಕ್ಕಿಲ್ಲ. ಬೆನ್ನಿನ ಮೇಲೆ ಕೊಡತಿಯಿಂದ ಹೊಡೆದು ಸೌದೆ ಸೀಳೋಣವೆಂದರೆ ಅದಕ್ಕೂ ಆ ಹಲ್ಲುಗಳೇ ಅಡ್ಡಿ.

ಈ ವಿಚಾರದಲ್ಲಿ ಬೇರೆ ದೇಶಗಳ ಬಲ್ಲವರ ಅಭಿಪ್ರಾಯವೂ ಇದೇ ಆಗಿದೆ. ಅಮೆರಿಕದ ಹೊರೇಸ್ ಕೆಫಾರ್ಟ್ ಎಂಬುವರು ಕಾಡುವಾಸವನ್ನು ಕುರಿತು 1906ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕತೆಪುಸ್ತಕಗಳ ವೀರರು ಸೊಂಟಕ್ಕೆ ಸಿಕ್ಕಿಸುವ ದಪ್ಪನೆಯ ಬೇಟೆಗತ್ತಿಯನ್ನು ಅಲ್ಲಗಳೆದು, ಐದು ಅಂಗುಲವನ್ನು ಮೀರದ ಸಾದಾ ಅಲಗನ್ನೇ ಹೊಗಳಿದ್ದಾರೆ. ಫಿನ್ಲೆಂಡಿನವರು ತಲೆಮಾರುಗಳಿಂದ ನಡುವಿಗೆ ಕಟ್ಟುವ ‘ಪೂಕ್ಕೊ’ ಎಂಬುದು ಒಂದು ಗೇಣನ್ನೂ ಮುಟ್ಟದ ನೆಟ್ಟನೆಯ ಚಾಕು. ನೇಪಾಳದವರ ಖುಕುರಿಯು ಮುಂದಕ್ಕೆ ಬಾಗಿ ತೂಕವನ್ನೆಲ್ಲಾ ತುದಿಯ ಕಡೆಗೆ ಇಟ್ಟುಕೊಂಡಿದೆ. ಮಲಯದವರ ಪರಾಂಗು ಬಳ್ಳಿ ಹೊದರುಗಳ ನಡುವೆ ದಾರಿ ಬಿಡಿಸುವುದಕ್ಕೆಂದು ಉದ್ದವಾಗಿದೆ. ನಮ್ಮ ಕೊಡವರ ಒಡಿಕತ್ತಿಯು ಅಗಲವಾಗಿ ಬಾಗಿ ಬೆನ್ನ ಹಿಂದೆ ತೂಗುತ್ತದೆ. ಅವರ ಪೀಚೆಕತ್ತಿಯಾದರೋ ನಡುವಿನ ಮುಂಭಾಗದಲ್ಲಿ ಅಲಂಕಾರವಾಗಿರುತ್ತದೆ. ಒಂದೊಂದು ಆಕಾರವನ್ನೂ ಆಯಾ ನೆಲದ ಗಿಡಮರಗಳೇ ನಿಶ್ಚಯಿಸಿದಂತಿದೆ. ಹಾಗಾದರೆ ನಾವು ಹೋಗುವ ನೆಲವು ಎಂಥದು?

ತಾಯಲೂರಿನ ಕಡೆಯನ್ನೇ ತೆಗೆದುಕೊಳ್ಳೋಣ. ಮುಳಬಾಗಿಲು ತಾಲ್ಲೂಕಿನಲ್ಲಿ ಒಂದು ಹೋಬಳಿಯ ಮುಖ್ಯ ಸ್ಥಳವಾದ ಈ ಊರಿನ ಸುತ್ತ ಜನರ ನಾಲಗೆಯ ಮೇಲೆ ಕನ್ನಡವೂ ತೆಲುಗೂ ಕೈ ಹಿಡಿದುಕೊಂಡೇ ನಡೆಯುತ್ತವೆ. ನಮ್ಮ ಭಾಗದ ಗ್ರಂಥಸ್ಥ ಭಾಷೆಯಲ್ಲಿ ಕತ್ತಿಯೆಂದರೆ ರಾಜರ ಖಡ್ಗವು ನೆನಪಾದೀತು. ಅಲ್ಲಿ ಈರುಳ್ಳಿ ಹೆಚ್ಚುವ ಚಾಕುವೂ ಕತ್ತಿಯೇ. ನೆಲ ಒಣ ನೆಲ. ಕಲ್ಲುಬೆಟ್ಟ, ಕಿರಿಯ ಕೆರೆ, ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಟೊಮ್ಯಾಟೊ ಬೆಳೆ, ಹುಣಿಸೆ ಹೊಂಗೆಗಳ ಸಾಲು, ಈಚಲ ಪೊದೆ, ನೀಲಗಿರಿಯ ತೋಪು. ಬೆಟ್ಟದ ಬುಡದಲ್ಲಿ ತಂಗಡಿ, ಲಂಟಾನ, ಸೀತಾಫಲ. ಕೆರೆಯ ಅಂಗಳದಲ್ಲಿ ಕರಿಜಾಲಿ, ಬಳ್ಳಾರಿಜಾಲಿ. ಇಲ್ಲಿ ದಾರಿಗೆ ಅಡ್ಡಬರುವುದು ಮಲೆನಾಡಿನ ಹಸಿಯ ಬಳ್ಳಿಯಲ್ಲ, ಹೆಬ್ಬೆರಳ ಗಾತ್ರದ ಮುಳ್ಳುಗೊಂಬೆ. ಒಲೆಗೆ ಸಿಕ್ಕುವುದು ಕಬ್ಬಿಣದಂತೆ ಒಣಗಿದ ಜಾಲಿಯ ತುಂಡು. ಕತ್ತಿಯ ಬಾಯಿ ತಪ್ಪಿ ನೆಲಕ್ಕೆ ತಗುಲಿದರೆ ಮಣ್ಣಿಗೆ ತಗುಲುವುದಿಲ್ಲ, ಬಂಡೆಗೆ ತಗುಲುತ್ತದೆ.

ಈ ಸೀಮೆಯ ಒಂದು ಕುಲುಮೆಗೆ ನಾವು ಹೋಗಿದ್ದಾಗ ಅಲ್ಲಿಯ ಕಮ್ಮಾರರು ತಿದಿಯ ಸ್ಥಾನದಲ್ಲಿರುವ ವಿದ್ಯುತ್ತಿನ ಬೀಸಣಿಗೆಯನ್ನು ನಿಲ್ಲಿಸಿ ಕೇಳಿದ ಮೊದಲನೆಯ ಪ್ರಶ್ನೆ, “ಏನು ಕೆಲಸಕ್ಕೆ ಸ್ವಾಮಿ?” ಎಂದು. “ಬೆಟ್ಟಕ್ಕೆ ಹೋಗುವಾಗ ಬೇಕು, ಆಚಾರ್ರೇ; ಎಲ್ಲಾ ಕೆಲಸಕ್ಕೂ ಆಗುವಂಥದು” ಎಂದೆವು. ಅವರು ಗೋಡೆಗೆ ಒರಗಿಸಿದ್ದ ಸಾಮಾನುಗಳ ಕಡೆಗೆ ಕೈ ತೋರಿಸಿದರು. “ಹುಣಿಸೆಗೊಂದು, ಈಚಲಿಗೊಂದು, ಹಿಪ್ಪುನೇರಳೆ ಕಡ್ಡಿಗೊಂದು. ನಿಮ್ಮದು ಯಾವ ಗಿಡ?” ನಾವು ಎಷ್ಟೋ ಪುಸ್ತಕಗಳಲ್ಲಿ ಹುಡುಕಿದ್ದ ಪ್ರಶ್ನೆಯು ಅಲ್ಲಿ ಬೂದಿಯ ಪಕ್ಕದಲ್ಲಿ ಕುಳಿತಿತ್ತು.

ಆ ಗೋಡೆಯ ಸಾಲನ್ನು ಸ್ವಲ್ಪ ಪರಾಂಬರಿಸೋಣ. ರಾಗಿಯ ತೆನೆ ಕೊಯ್ಯುವ ಕುಡುಗೋಲು ತೆಳುವಾಗಿ ಬಾಗಿದೆ. ಅದರ ಒಳ ಅಂಚಿಗೆ ಉಳಿಯಿಂದ ಸಣ್ಣ ಹಲ್ಲುಗಳನ್ನು, ಅಂದರೆ ಕಕ್ಕನ್ನು, ಹಾಕಿರುತ್ತಾರೆ. ಒಣಗಿದ ದಂಟಿನ ಮೇಲೆ ನುಣುಪಾದ ಅಂಚು ಜಾರುತ್ತದೆ, ಕಕ್ಕು ಹಿಡಿದು ಕೊಯ್ಯುತ್ತದೆ. ಮಚ್ಚು ದಪ್ಪಬೆನ್ನಿನದು, ಕೆಲವಕ್ಕೆ ತುದಿಯು ಮುಂದಕ್ಕೆ ಕೊಕ್ಕಿನಂತೆ ಬಾಗಿರುತ್ತದೆ. ಆ ಕೊಕ್ಕು ಅಂದಕ್ಕಾಗಿ ಅಲ್ಲ. ಮುಳ್ಳುಗೊಂಬೆಯನ್ನು ಕೈಯಿಂದ ಮುಟ್ಟದೆ ಎಳೆದು ಆಚೆಗೆ ಹಾಕುವುದಕ್ಕೆ ಅದೇ ಬೆರಳು. ಬಾಯಿಯು ಬಂಡೆಗೆ ಬಡಿಯದಂತೆ ಕಾಯುವುದೂ ಅದೇ. ಅಂಗಡಿಯ ಕತ್ತಿಯ ಚೂಪುಮೊನೆಗೆ ಇವೆರಡರಲ್ಲಿ ಒಂದೂ ಆಗದು.

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ. ಎಲ್ಲ ಕೆಲಸಕ್ಕೂ ಒಂದೇ ಕತ್ತಿಯನ್ನು ಹುಡುಕುವುದನ್ನು ಬಿಟ್ಟು ಎರಡನ್ನು ಇಟ್ಟುಕೊಳ್ಳುವುದು ಲೇಸು. ಒಂದು, ಎಂಟು ಅಂಗುಲದ ಅಲಗಿನ ಸಣ್ಣ ಮಚ್ಚು. ಬೆನ್ನು ಐದು ಮಿಲಿಮೀಟರು ದಪ್ಪವಿದ್ದರೆ ಸಾಕು. ಇನ್ನೊಂದು, ನಾಲ್ಕು ಅಂಗುಲದ ನೇರವಾದ ಚಾಕು, ಬೆನ್ನು ಮೂರು ಮಿಲಿಮೀಟರನ್ನು ಮೀರದಂಥದು. ಹಗ್ಗ ಕೊಯ್ಯುವುದು, ಕಡ್ಡಿಯಿಂದ ಹೂವಿನಂತೆ ತೆಳುಚಕ್ಕೆಗಳನ್ನು ಎಬ್ಬಿಸಿ ಬೆಂಕಿ ಹೊತ್ತಿಸುವುದು, ಹಣ್ಣು ಸುಲಿಯುವುದು ಇವೆಲ್ಲಾ ಎರಡನೆಯದರ ಕೆಲಸ. ಒಂದು ರಾತ್ರಿಯ ವಾಸದಲ್ಲಿ ಹತ್ತಕ್ಕೆ ಒಂಬತ್ತು ಸಲ ಕೈಗೆ ಬರುವುದು ಆ ಚಿಕ್ಕದೇ ಎಂಬುದನ್ನು ಅನುಭವಸ್ಥರು ಒಪ್ಪುತ್ತಾರೆ. ಮಡಚುವ ಚಾಕು ಜೇಬಿಗೆ ಅನುಕೂಲವೇನೋ ಹೌದು. ಸ್ವಿಟ್ಜರ್ಲೆಂಡಿನ ಸಿಪಾಯಿಗಳಿಗೆ 1891ರಿಂದ ಕೊಡುತ್ತ ಬಂದಿರುವ ಚಾಕುವಿನ ಸಂತತಿಯು ಇಂದು ಲೋಕವನ್ನೆಲ್ಲಾ ತುಂಬಿದೆ. ಆದರೆ ಕೀಲು ಇರುವಲ್ಲಿ ಪೆಟ್ಟು ಹಾಕತಕ್ಕದ್ದಲ್ಲ.

ಇನ್ನು ಉಕ್ಕಿನ ವಿಚಾರ. ಇದರಲ್ಲಿ ನಾವು ತಲೆತಗ್ಗಿಸಬೇಕಾದುದೇನೂ ಇಲ್ಲ. ನಮ್ಮ ‘ಉಕ್ಕು’ ಎಂಬ ಶಬ್ದವೇ ಯೂರೋಪಿನವರ ಬಾಯಲ್ಲಿ ‘ವೂಟ್ಸ್’ ಆಯಿತೆಂದು ಅನೇಕ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬುವರು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕನ್ನು ಕುರಿತು ಪ್ರಬಂಧವನ್ನು ಮಂಡಿಸಿದರು. ಮುಂದೆ ಮೈಕೇಲ್ ಫ್ಯಾರಡೆ ಮಹಾಶಯರೂ ಇದರ ರಹಸ್ಯವನ್ನು ಬಿಡಿಸಲು ಶ್ರಮಪಟ್ಟರು. ಟಿಪ್ಪು ಸುಲ್ತಾನನ ಪತನದ ಮರುವರುಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆಯಲ್ಲಿ ಉಕ್ಕು ತಯಾರಾಗುವುದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿಯ ಕಡ್ಡಿಯನ್ನೂ ಹಸಿಯ ಎಲೆಗಳನ್ನೂ ಇಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲವು ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಆ ತಂಗಡಿಯೇ ಇಂದು ತಾಯಲೂರಿನ ದಿಣ್ಣೆಗಳ ಮೇಲೆ ಹಳದಿಯ ಹೂ ಬಿಟ್ಟುಕೊಂಡು, ಯಾರ ಆದರಕ್ಕೂ ಕಾಯದೆ ನಿಂತಿರುತ್ತದೆ.

ಆ ಮೂಸೆಗಳು ಈಗಿಲ್ಲ. ಇಂದಿನ ಕುಲುಮೆಯ ಉಕ್ಕು ಬರುವುದು ಲಾರಿಗಳಿಂದ. ಲಾರಿಯ ಚಕ್ರದ ಮೇಲೆ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿಗಳಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚಾಗಿ ಇಂಗಾಲವಿರುತ್ತದೆ. ಬಾಗಿದರೂ ಮುರಿಯದೆ ಮರಳಿ ನಿಲ್ಲುವುದೇ ಅದರ ಹುಟ್ಟುಗುಣ. ಮಚ್ಚಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಸುಲಭವಾಗಿ ಸಿಕ್ಕದು. ಆದರೆ ಬಹುಕಾಲ ಭಾರ ಹೊತ್ತು ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇರಬಹುದಾದ್ದರಿಂದ, ಹೆಚ್ಚು ಸವೆಯದ ಪಟ್ಟಿಯನ್ನು ಆರಿಸುವಂತೆ ಕೇಳಿಕೊಳ್ಳಬೇಕು. ತುಕ್ಕು ಹಿಡಿಯದ ಉಕ್ಕೇ ಬೇಕೆಂದು ಹಟ ಹಿಡಿಯುವವರುಂಟು. ಕಡಲತೀರದವರಿಗೆ ಆ ಹಟ ಸರಿ. ಕೋಲಾರದ ಒಣಹವೆಯಲ್ಲಿ ಸಾದಾ ಉಕ್ಕಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆಯೇ ಸಾಕು. ಬಂಡೆಯ ಮೇಲೆ ಕುಳಿತು ಸಣ್ಣ ಸಾಣೆಗಲ್ಲಿನಿಂದ ಅದರ ಬಾಯನ್ನು ಮತ್ತೆ ಎಬ್ಬಿಸುವುದೂ ಸುಲಭ. ಶ್ರೀನಿವಾಸಪುರದ ಮಾವಿನಕಾಯಿಯನ್ನೋ ಹುಣಿಸೆಯನ್ನೋ ಹೆಚ್ಚಿದರೆ ಅದು ಕಪ್ಪಗಾಗುತ್ತದೆ. ಆ ಕಪ್ಪು ದೋಷವಲ್ಲ. ಅದನ್ನು ಉಜ್ಜಿ ಉಜ್ಜಿ ಬೆಳ್ಳಿಯಂತೆ ಮಾಡುವವರು ಅಲಗನ್ನು ವೃಥಾ ಸವೆಸುತ್ತಾರೆ.

ಉಕ್ಕಿಗಿಂತಲೂ ಮುಖ್ಯವಾದುದು ಅದಕ್ಕೆ ಕೊಡುವ ಹದ. ಇಲ್ಲಿಯೇ ಕಮ್ಮಾರನ ವಿದ್ಯೆಯೆಲ್ಲಾ ಅಡಗಿದೆ. ಬಡಿದು ಆಕಾರಕ್ಕೆ ತಂದ ಅಲಗನ್ನು ಮತ್ತೆ ಕುಲುಮೆಯಲ್ಲಿಟ್ಟು, ಸೂಜಿಗಲ್ಲಿಗೆ ಅಂಟದಷ್ಟು ಕೆಂಪಾಗುವವರೆಗೂ ಕಾಯಿಸುತ್ತಾರೆ. ಹಳೆಯ ಕೈಗಳಿಗೆ ಸೂಜಿಗಲ್ಲು ಬೇಡ, ಬಣ್ಣವೇ ಹೇಳುತ್ತದೆ. ಕುಲುಮೆಯನ್ನು ಅರೆಗತ್ತಲೆಯಲ್ಲಿ ಇಟ್ಟುಕೊಳ್ಳುವುದು ಬಡತನದಿಂದಲ್ಲ, ಈ ಬಣ್ಣವನ್ನು ನೋಡುವುದಕ್ಕಾಗಿ. ಅನಂತರ ಬಾಯಿಯ ಕಡೆಯನ್ನು ಮಾತ್ರ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಸ್ಪ್ರಿಂಗ್ ಪಟ್ಟಿಗೆ ಎಣ್ಣೆಯೇ ಮೇಲು. ನೀರು ಒಮ್ಮೆಗೇ ತಣಿಸುವುದರಿಂದ ಅಂಚು ಬಿರಿಯುವ ಭಯವುಂಟು. ಹೀಗೆ ಅದ್ದಿದ ಬಾಯಿ ಗಾಜಿನಂತೆ ಕಠಿಣವಾಗಿ, ಗಾಜಿನಂತೆಯೇ ಒಡೆಯುವಂಥದಾಗಿರುತ್ತದೆ. ಆಗ ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಮೆಲ್ಲನೆ ಅಂಚಿಗೆ ಇಳಿಯುವಂತೆ ಬಿಟ್ಟು, ಉಜ್ಜಿದ ಮೈಯ ಮೇಲೆ ಓಡಿಬರುವ ಬಣ್ಣಗಳನ್ನು ಕಾಯುತ್ತಾರೆ. ಮೊದಲು ಒಣಹುಲ್ಲಿನ ಹಳದಿ, ಮೇಲೆ ಕಂದು, ಆಮೇಲೆ ನೇರಳೆ, ಕಡೆಗೆ ನೀಲಿ. ಹಳದಿಯಲ್ಲಿ ತಡೆದರೆ ಚಾಕುವಿನ ಹದ. ಕಂದು ನೇರಳೆಗೆ ತಿರುಗುವಾಗ ತಡೆದರೆ ಮಚ್ಚಿನ ಹದ. ನೀಲಿಗೆ ಬಿಟ್ಟರೆ ಅದು ಮರಳಿ ಸ್ಪ್ರಿಂಗಿನ ಹದಕ್ಕೇ ಹೋಯಿತು. ಒಂದು ಬಣ್ಣಕ್ಕೂ ಮುಂದಿನದಕ್ಕೂ ನಡುವೆ ಕೆಲವು ಕ್ಷಣಗಳೇ ಇರುವುದು.

ಇದನ್ನು ನಾವು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ಕುಲುಮೆಯಿಂದ ಬಂದ ಒಳ್ಳೆಯ ಕತ್ತಿಯನ್ನು ನಗರದವರು ಹೊಳಪಿಗಾಗಿ ವಿದ್ಯುತ್ತಿನ ಸಾಣೆಗೆ ಕೊಡುತ್ತಾರೆ. ಸಾಣೆಯವನು ಕಿಡಿಗಳ ಮಳೆ ಕರೆಯುತ್ತಾನೆ, ಅಂಚು ನೀಲಿಯಾಗುತ್ತದೆ, ಕಮ್ಮಾರನು ಕಾದು ಹಿಡಿದ ಹದವು ಅರೆನಿಮಿಷದಲ್ಲಿ ಹೊರಟುಹೋಗುತ್ತದೆ. ಆಮೇಲೆ ಹಳ್ಳಿಯ ಕತ್ತಿಗೆ ಬಾಯಿ ನಿಲ್ಲದೆಂದು ದೂರು! ಕತ್ತಿಯನ್ನು ನೀರು ಚಿಮುಕಿಸಿದ ಕಲ್ಲಿನ ಮೇಲೆ ಕೈಯಿಂದಲೇ ಮಸೆಯಬೇಕು. ಚಾಕುವನ್ನು ಕಲ್ಲಿನಿಂದ ಇಪ್ಪತ್ತು ಡಿಗ್ರಿ ಎತ್ತಿ ಹಿಡಿದರೆ ಸರಿ. ಮಚ್ಚಿಗೆ ಇಪ್ಪತ್ತೈದು, ಮೂವತ್ತು ಆಗಬಹುದು, ಅದು ಕ್ಷೌರಕ್ಕಲ್ಲವಷ್ಟೆ.

ಹಿಡಿಯನ್ನು ಅವರವರ ಕೈಗೆ ಮಾಡಿಸಿಕೊಳ್ಳಬೇಕು. ಸಿದ್ಧವಾದ ಕತ್ತಿಗೂ ಮಾಡಿಸಿದ ಕತ್ತಿಗೂ ಇರುವ ನಿಜವಾದ ಅಂತರ ಇದೇ ಎಂದರೂ ಸಲ್ಲುತ್ತದೆ. ಕರಿಜಾಲಿ ಒಳ್ಳೆಯದು; ಕೊಡಲಿಯ ಕಾವಿಗೆ ಹೆಸರಾದ ದಿಂಡಿಗ ಸಿಕ್ಕಿದರೆ ಇನ್ನೂ ಒಳ್ಳೆಯದು. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಪೂರ್ಣ ಅಗಲವಾಗಿಯೇ ಸಾಗಿ, ಎರಡು ಮಗ್ಗುಲಿಗೂ ಮರದ ಚಕ್ಕೆಗಳನ್ನು ಕೂರಿಸಿ ಮೂರು ಮೊಳೆಗಳಿಂದ ಬಿಗಿದದ್ದೇ ಬಲವಾದುದು. ಕುಲುಮೆಯವರ ಪದ್ಧತಿಯಲ್ಲಿ ಅಲಗಿನ ಮೊನಚಾದ ಬಾಲವನ್ನು ಕಾಯಿಸಿ ಹಿಡಿಯೊಳಕ್ಕೆ ಇಳಿಸಿ, ಬಾಯಿಗೆ ಕಬ್ಬಿಣದ ಬಳೆ ತೊಡಿಸುತ್ತಾರೆ. ಅದು ಸಣ್ಣ ಚಾಕುವಿಗೆ ಧಾರಾಳವಾಗಿ ಸಾಲುತ್ತದೆ. ಮಚ್ಚಿಗಾದರೆ ಬಾಲವು ಹಿಡಿಯ ಆಚೆಗೂ ಹೊರಟು ಅಲ್ಲಿ ಬಡಿದು ಮಡಿಸಲ್ಪಟ್ಟಿರಬೇಕು. ಹಿಡಿಯ ಕೊನೆ ಸ್ವಲ್ಪ ಕೆಳಕ್ಕೆ ಬಾಗಿದ್ದರೆ ಬೆವರಿದ ಕೈಯಿಂದಲೂ ಜಾರದು. ಬೆರಳುಗಳಿಗೆಂದು ನಾಲ್ಕು ಗುಳಿ ತೋಡಿಸುವುದು ಬೇಡ. ಆ ಗುಳಿಗಳು ಒಂದೇ ಬಗೆಯ ಹಿಡಿತಕ್ಕೆ ಕೈಯನ್ನು ಕಟ್ಟಿಹಾಕುತ್ತವೆ. ಹೊಳೆಯುವ ವಾರ್ನಿಷ್ ಬೊಕ್ಕೆ ಎಬ್ಬಿಸುತ್ತದೆ; ಬೇಯಿಸಿದ ಅಗಸೆ ಎಣ್ಣೆಯನ್ನು ನಾಲ್ಕು ಸಲ ತಿಕ್ಕಿದರೆ ಸಾಕು. ಒರೆಯನ್ನು ಊರಿನ ಚಮ್ಮಾರರಿಂದ ದಪ್ಪ ತೊಗಲಿನಲ್ಲಿ ಹೊಲಿಸಿ, ಬಾಯಿ ತಗುಲುವ ಮಗ್ಗುಲಿಗೆ ಇನ್ನೊಂದು ಪಟ್ಟಿಯನ್ನು ನಡುವೆ ಇಡಿಸತಕ್ಕದ್ದು. ಇಲ್ಲವಾದರೆ ಬಿದ್ದಾಗ ಅಲಗು ಹೊಲಿಗೆಯನ್ನು ಕೊಯ್ದು ತೊಡೆಗೆ ಬರುತ್ತದೆ.

ಎಂಟು ಅಂಗುಲವೆಂದು ನಾವು ಹೇಳಿದ ಲೆಕ್ಕಕ್ಕೆ ಇನ್ನೊಂದು ಕಾರಣವಿದೆ. 1959ರ ಆಯುಧ ಕಾಯಿದೆಯನ್ನು ಅನುಸರಿಸಿದ ನಿಯಮಗಳಲ್ಲಿ, ಒಂಬತ್ತು ಅಂಗುಲಕ್ಕಿಂತ ಉದ್ದವಾದ ಇಲ್ಲವೆ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧಗಳೆಂದು ಗಣಿಸಲಾಗಿದೆ. ಮನೆವಾರ್ತೆ, ಬೇಸಾಯ, ಶಾಸ್ತ್ರಪ್ರಯೋಗ, ಕೈಗಾರಿಕೆಗಳಿಗೆಂದು ಮಾಡಿದವುಗಳಿಗೆ ಮಾತ್ರ ವಿನಾಯಿತಿಯುಂಟು. ಹೆಗಲ ಮೇಲೆ ಮಚ್ಚಿಟ್ಟು ತೋಟಕ್ಕೆ ಹೋಗುವ ರೈತನನ್ನು ಯಾರೂ ಕೇಳುವುದಿಲ್ಲ. ಅದೇ ಮಚ್ಚು ಬೆಂಗಳೂರಿನ ಬಸ್ಸಿನಲ್ಲಿ ಕಾಣಿಸಿಕೊಂಡರೆ ಬೇಸಾಯದ ಕತೆಯನ್ನು ನಂಬುವವರು ಕಡಿಮೆ. ಅಳತೆಯನ್ನು ಮೀರದೆ ಮಾಡಿಸಿ, ಒರೆಯಲ್ಲಿ ಕಟ್ಟಿ, ಚೀಲದ ತಳದಲ್ಲಿಟ್ಟು ಕೊಂಡೊಯ್ಯುವುದು ವಿವೇಕ. ಅರಣ್ಯ ಇಲಾಖೆಯ ಕಾಡಿನಲ್ಲಿ ಹಸಿಯ ಮರಕ್ಕೆ ಕತ್ತಿ ಹಾಕುವುದು 1963ರ ಅರಣ್ಯ ಕಾಯಿದೆಯಂತೆ ಅಪರಾಧ. ವನ್ಯಮೃಗಧಾಮಗಳೊಳಕ್ಕಾದರೋ ಅಪ್ಪಣೆಯಿಲ್ಲದೆ ಆಯುಧವನ್ನು ಒಯ್ಯಲೇಕೂಡದು.

ಕತ್ತಿಯನ್ನು ಒರೆಯಿಂದ ತೆಗೆಯಲೇಬಾರದಾದ ಒಂದು ಸಂದರ್ಭವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಹಾವು ಕಚ್ಚಿದಾಗ ಗಾಯವನ್ನು ಕೊಯ್ದು ರಕ್ತವನ್ನು ಹರಿಸಬೇಕೆಂಬ ಹಳೆಯ ಉಪದೇಶವು ಪುಸ್ತಕಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಇನ್ನೂ ಜೀವಂತವಾಗಿದೆ. ಆಪತ್ಕಾಲದ ಸಾಮಾನೆಂದು ಅದಕ್ಕಾಗಿಯೇ ಕ್ಷೌರದ ಅಲಗನ್ನು ಇಟ್ಟು ಮಾರಿದ್ದೂ ಉಂಟು. ಈ ಉಪದೇಶದಿಂದ ವಿಷವು ಹೊರಬರುವುದಿಲ್ಲ, ಪ್ರಾಣವು ಹೊರಟೀತು. ಈ ಬಯಲುಸೀಮೆಯ ಬಂಡೆ ಹೊಲಗಳಲ್ಲಿ ಕಾಣುವ ಕೊಳಕುಮಂಡಲದ ವಿಷವು ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸತಕ್ಕದ್ದು. ಅಂಥವನ ಕಾಲನ್ನು ಕೊಯ್ದರೆ ಆ ರಕ್ತವು ನಿಲ್ಲುವುದೆಂತು? ಬಿಗಿಯಾಗಿ ಹಗ್ಗ ಕಟ್ಟುವುದೂ ತಪ್ಪು. ಕಚ್ಚಿಸಿಕೊಂಡವನನ್ನು ನಡೆಸದೆ, ಆ ಅಂಗವನ್ನು ದಬ್ಬೆ ಕಟ್ಟಿ ಅಲುಗದಂತೆ ಮಾಡಿ, ಉಂಗುರ ಕಾಲುಂಗುರಗಳನ್ನು ತೆಗೆದು, ಪ್ರತಿವಿಷದ ಮದ್ದಿರುವ ಆಸ್ಪತ್ರೆಗೆ ಒಂದು ಕ್ಷಣವೂ ತಡಮಾಡದೆ ಸಾಗಿಸಬೇಕು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆಯೆಂದ ಮೇಲೆ ವಿಷಯದ ಗಾಂಭೀರ್ಯವನ್ನು ಊಹಿಸಿಕೊಳ್ಳಬಹುದು. ದಬ್ಬೆಗೆ ಒಂದು ಕಡ್ಡಿಯನ್ನು ಕಡಿದುಕೊಳ್ಳಬೇಕಾದರೆ ಮಚ್ಚನ್ನು ಧಾರಾಳವಾಗಿ ಉಪಯೋಗಿಸಬಹುದು. ಅಷ್ಟಕ್ಕೇ ಅದರ ಅಧಿಕಾರ.

ಕಡೆಯದಾಗಿ, ಈ ಕತ್ತಿಯನ್ನು ಮಾಡಿಕೊಡುವವರ ಸ್ಥಿತಿ. ಹಿಂದೆ ಗ್ರಾಮದ ಹನ್ನೆರಡು ಮಂದಿ ಆಯಗಾರರಲ್ಲಿ ಕಮ್ಮಾರನೂ ಒಬ್ಬ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನ ಪಾಲಿನ ದವಸವು ಬರುತ್ತಿತ್ತು. ವರುಷವೆಲ್ಲಾ ಅವನು ನೇಗಿಲ ಕುಳವನ್ನು ತಟ್ಟಿಕೊಡುತ್ತಿದ್ದ. ಟ್ರಾಕ್ಟರು ಬಂದು ಕುಳದ ಕೆಲಸ ತಪ್ಪಿತು. ಕಾರ್ಖಾನೆಯಲ್ಲಿ ತಗಡಿನಿಂದ ಕತ್ತರಿಸಿದ ಕುಡುಗೋಲು ಸಂತೆಗೆ ಬಂದು ಉಳಿದ ಕೆಲಸವೂ ತಗ್ಗಿತು. ನಾವು ಕಂಡ ಕುಲುಮೆಯಲ್ಲಿ ಸುತ್ತಿಗೆ ಹಿಡಿದವರಿಗೆ ಅರವತ್ತು ದಾಟಿತ್ತು, ಎದುರಿಗೆ ನಿಂತು ದೊಡ್ಡ ಸುತ್ತಿಗೆಯನ್ನು ಬೀಸುತ್ತಿದ್ದವರು ಅವರ ಪತ್ನಿ. ಮಗನು ಹೊಸೂರಿನ ಕಡೆಯ ಒಂದು ಕಾರ್ಖಾನೆಯಲ್ಲಿದ್ದಾನೆಂದು ಆಕೆ ಹೇಳಿದರು. ಬಣ್ಣವನ್ನು ನೋಡಿ ಹದ ಹಿಡಿಯುವ ಆ ಕಣ್ಣನ್ನು ಯಾವ ಪುಸ್ತಕವೂ ಕಲಿಸಲಾರದು.

ಆದುದರಿಂದ ಹೊರಡುವವರಿಗೆ ಕೆಲವು ಸೂಚನೆಗಳು. ರಾಗಿ ಕೊಯ್ಲಿನ ದಿನಗಳಲ್ಲಿ ಹೋಗಬೇಡಿ; ಆಗ ಕುಡುಗೋಲಿಗೆ ಕಕ್ಕು ಹಾಕಿಸುವ ರೈತರ ಸರದಿಯಿರುತ್ತದೆ, ಅವರದು ಮೊದಲು. ಬೇಕಾದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಒಯ್ಯಿರಿ, ಬಾಯಿಮಾತಿನಲ್ಲಿ ಅಳತೆ ಹೇಳಬೇಡಿ. ಯಾವ ಗಿಡಕ್ಕೆಂದು ಮುಂಚಿತವಾಗಿಯೇ ಯೋಚಿಸಿಕೊಂಡಿರಿ. ಅಂಗಡಿಯ ಕರಿಯ ಕತ್ತಿಗೆ ತುಟಿಪಿಟಕ್ಕೆನ್ನದೆ ಸಾವಿರಾರು ರೂಪಾಯಿಗಳನ್ನು ಎಣಿಸುವವರು ಇಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುವುದನ್ನು ಕಂಡಿದ್ದೇವೆ, ಅದು ಬೇಡ. ಕತ್ತಿಯನ್ನು ತಂದ ಮೇಲೆ ಮೊದಲು ಮನೆಯ ಹಿತ್ತಿಲಿನಲ್ಲಿ ಒಣಗಿದ ಕೊಂಬೆಯೊಂದರ ಮೇಲೆ ಐವತ್ತು ಪೆಟ್ಟು ಹಾಕಿ ನೋಡಿರಿ. ಅಂಚು ಮಡಿಸಿದರೆ ಹದ ಮೆತ್ತಗಾಗಿದೆ. ಹಲ್ಲು ಬಿದ್ದರೆ ಗಡುಸಾಗಿದೆ. ಎರಡೂ ತಿದ್ದಬಹುದಾದ ದೋಷಗಳೇ. ಅಂಗೈಯಲ್ಲಿ ಬೊಕ್ಕೆ ಎದ್ದ ಜಾಗವನ್ನು ಹಿಡಿಯ ಮೇಲೆ ಸುಣ್ಣದಿಂದ ಗುರುತು ಮಾಡಿಕೊಂಡು, ಕತ್ತಿಯನ್ನು ಅದೇ ಕುಲುಮೆಗೆ ಮತ್ತೊಮ್ಮೆ ಒಯ್ಯಿರಿ. ಅವರು ಅರದಿಂದ ಅಷ್ಟು ಮರವನ್ನು ಉಜ್ಜಿ ತೆಗೆದುಕೊಡುತ್ತಾರೆ.